ಖಾಲಿ ರಸ್ತೆ ಎಂಬ ಸುಳ್ಳು

ಬೈಕ್ ಸವಾರಿಯ ಬಗ್ಗೆ ಈಚೆಗೆ ಕನ್ನಡದಲ್ಲಿ ಬರುತ್ತಿರುವ ಬರಹಗಳಲ್ಲಿ ಒಂದಿಪ್ಪತ್ತನ್ನು ಒಟ್ಟಿಗೆ ಇಟ್ಟುಕೊಂಡು ಓದಿ ನೋಡಿ. ಎಲ್ಲದರಲ್ಲೂ ಸೂರ್ಯ ಹುಟ್ಟುವ ಮೊದಲೇ ಹೊರಡುತ್ತಾರೆ. ಎಲ್ಲದರಲ್ಲೂ ಮೊದಲ ಚಹಾಕ್ಕೆ ಒಂದು 'ಪುಟ್ಟ ಗೂಡಂಗಡಿ' ಸಿಗುತ್ತದೆ, ಅದರ ಯಜಮಾನ 'ಮುಗ್ಧವಾಗಿ' ನಗುತ್ತಾನೆ. ಹೆದ್ದಾರಿ ಬಿಟ್ಟು ಒಳಗೆ ತಿರುಗುತ್ತಲೇ ಇಕ್ಕೆಲಗಳಲ್ಲಿ ಹಸಿರು, ನಡುವೆ ಹಾವಿನಂತೆ ಹರಿದ 'ಖಾಲಿ ರಸ್ತೆ'. ಆಮೇಲೆ ಕಡಲು, ಸೂರ್ಯಾಸ್ತ, ಒಂದು ಫೋಟೋ, ಜೀವನದ ಬಗ್ಗೆ ಎರಡು ಮಾತು. ರಾತ್ರಿ ಊಟದ ಹೊತ್ತಿಗೆ ಮನೆ.

ಈ ಬರಹಗಳ ಮೇಲೆ ನನಗಿರುವ ತಕರಾರು ಅವು ಒಂದೇ ಅಚ್ಚಿನವು ಎಂಬುದಲ್ಲ. ಒಂದೇ ಅಚ್ಚಿನ ಪ್ರೇಮಕವಿತೆಗಳನ್ನು ನಾವು ನೂರು ವರ್ಷ ಸಹಿಸಿಕೊಂಡಿದ್ದೇವೆ. ನನ್ನ ತಕರಾರು ಆ ಒಂದು ಪದದ ಮೇಲೆ: ಖಾಲಿ. ಅದು ಸುಳ್ಳು. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಆ ಸುಳ್ಳನ್ನು ನಂಬಿ ಓಡಿಸುವವರಿಂದ ರಸ್ತೆಯ ಮೇಲಿರುವವರಿಗೆ ಪೆಟ್ಟಾಗುತ್ತದೆ, ಅದನ್ನು ನಂಬಿ ಬರೆಯುವವರಿಂದ ಭಾಷೆಗೂ ಪೆಟ್ಟಾಗುತ್ತದೆ. ಎರಡೂ ನಮ್ಮ ಕಣ್ಣೆದುರೇ ನಡೆಯುತ್ತಿವೆ.

ಬೈಕ್ ದ್ವೇಷಿಯೊಬ್ಬ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡಿ. ಕುಂದಾಪುರ, ಬೈಂದೂರು ತಾಲೂಕುಗಳ ಒಳರಸ್ತೆಗಳಲ್ಲಿ ಇಪ್ಪತ್ತು ವರ್ಷ ಬೈಕ್ ಓಡಿಸಿದವನು ನಾನು. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕೊಲ್ಲೂರಿನ ಕಡೆಗೆ ಹೋಗುವಾಗ ಮುಖಕ್ಕೆ ಬಡಿಯುವ ಗಾಳಿಯ ಸುಖ ಕಾರಿನವರಿಗೆ ಗೊತ್ತಿಲ್ಲ. ಬಸ್ಸಿನ ಕಿಟಕಿಗೆ ಅದರ ಅರ್ಧ ಗೊತ್ತು. ಆ ಸುಖ ದೊಡ್ಡದು. ಅದನ್ನು ಉಳಿಸಿಕೊಳ್ಳಬೇಕೆಂದೇ ಈ ಜಗಳ.

ಮೊದಲು ರಸ್ತೆ ಎಷ್ಟು ಖಾಲಿ ಎಂದು ನೋಡೋಣ. ಕರಾವಳಿಯ ಯಾವುದೇ ಒಳರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ನಿಂತುಕೊಳ್ಳಿ. ಸ್ಟೀಲಿನ ಕ್ಯಾನು ಹಿಡಿದು ಹಾಲಿನ ಸೊಸೈಟಿಗೆ ನಡೆಯುವವರು ಬರುತ್ತಾರೆ. ಅವರು ರಸ್ತೆಯ ಅಂಚಿನಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅಂಚಿನಲ್ಲಿ ಹುಲ್ಲು ಬೆಳೆದಿರುತ್ತದೆ, ಹುಲ್ಲಿನಲ್ಲಿ ಹಾವಿರುತ್ತದೆ. ಏಳಕ್ಕೆ ಬಂದರಿನಿಂದ ಮೀನು ಹೇರಿಕೊಂಡ ಹಳೇ ಎಂ-80, ಟಿವಿಎಸ್ ಎಕ್ಸ್‌ಎಲ್, ಸ್ಕೂಟರುಗಳು 'ಪೋಂ ಪೋಂ' ಎನ್ನುತ್ತ ಬರುತ್ತವೆ. ಆ ಶಬ್ದಕ್ಕೆ ಹೆಂಗಸರು ಬಟ್ಟಲು ಹಿಡಿದು, ಹಿಂದೆ ಬೆಕ್ಕುಗಳನ್ನು ಕಟ್ಟಿಕೊಂಡು ರಸ್ತೆಗೇ ಇಳಿಯುತ್ತಾರೆ. ಎಂಟೂವರೆಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಟಾರಿನ ಮೇಲೆ ಮಲಗಿದ ನಾಯಿ, ಮೇಯಲು ಬಿಟ್ಟ ದನ. ಸಂಜೆ ನಾಲ್ಕೂವರೆಗೆ, ಅಡುಗೆಮನೆ ಕೆಲಸ ಮುಗಿಸಿ ಬಂದ ನಲವತ್ತು ದಾಟಿದ ಹೆಂಗಸೊಬ್ಬಳು ಮಗಳ ಸ್ಕೂಟಿಯಲ್ಲಿ ಓಡಿಸುವುದನ್ನು ಕಲಿಯುತ್ತಿರುತ್ತಾಳೆ. ಎರಡೂ ಕಾಲು ನೆಲಕ್ಕೆ ಎಳೆಯುತ್ತಾ, ಬ್ರೇಕು ಯಾವ ಕೈಯಲ್ಲಿ ಎಂದು ಇನ್ನೂ ಯೋಚಿಸುತ್ತಾ.

ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ರಸ್ತೆಯ ಉಪಯೋಗ ಇನ್ನೂ ಹೆಚ್ಚು. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಒಣಗುವುದು ಟಾರಿನ ಮೇಲೆ. ತುಮಕೂರು ಕಡೆ ರಾಗಿ, ಹುರುಳಿ ಒಕ್ಕಣೆಗೆ ರಸ್ತೆಯೇ ಕಣ. ಅದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ಹುರುಳಿಯ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಬಿದ್ದವರಿದ್ದಾರೆ, ಕಾರಿನಡಿಯಲ್ಲಿ ಸಿಕ್ಕಿ ಬೆಂಕಿ ಹತ್ತಿದ್ದೂ ಇದೆ. ಪೊಲೀಸರು ಪ್ರತಿವರ್ಷ ಬೇಡ ಎನ್ನುತ್ತಾರೆ, ರೈತರು ಪ್ರತಿವರ್ಷ ಹಾಕುತ್ತಾರೆ. ಹೊಸ ತಲೆಮಾರಿನ ಹಿಡುವಳಿಯಲ್ಲಿ ಕಣ ಮಾಡಿ ಸಗಣಿ ಸಾರಿಸುವಷ್ಟು ಜಾಗವೂ ಇಲ್ಲ, ಆಳೂ ಇಲ್ಲ. ಇದರಲ್ಲಿ ಯಾರದು ಸರಿ ಎಂಬ ಪಂಚಾಯಿತಿಗೆ ನಾನು ಈಗ ಕೂರುವುದಿಲ್ಲ. ಆ ರಸ್ತೆಯನ್ನು ಖಾಲಿ ಎನ್ನುವುದು ಮಾತ್ರ ಸಾಧ್ಯವಿಲ್ಲ ಎಂದಷ್ಟೇ ನನ್ನ ಮಾತು.

ಸವಾರನಿಗೆ ಇವರೆಲ್ಲ ಕಾಣುವುದಿಲ್ಲವೇ? ಕಾಣುತ್ತಾರೆ. ಅವನ ಲೆಕ್ಕದಲ್ಲಿ ಖಾಲಿ ಎಂದರೆ ತನ್ನನ್ನು ತಡೆಯುವ ವಾಹನ ಇಲ್ಲ ಎಂದರ್ಥ. ನಡೆಯುವವರು, ದನ, ನಾಯಿ, ಸೈಕಲ್ಲಿನ ಹುಡುಗಿ, ಇವರೆಲ್ಲ ದೃಶ್ಯದ ಬಾಬತ್ತಿಗೆ ಸೇರಿಹೋಗುತ್ತಾರೆ. ದೃಶ್ಯಕ್ಕೆ ಸೇರಿದವರಿಗೆ ವೇಗ ಇಳಿಸಬೇಕೆಂದು ಕೈಗೆ ತೋಚುವುದಿಲ್ಲ. ಗಂಟೆಗೆ 80 ಕಿಲೋಮೀಟರಿನ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಹಳ್ಳಿ ರಸ್ತೆಯ ಟಾರಿನ ಅಗಲ ಸಾಮಾನ್ಯವಾಗಿ ಮೂರು ಮುಕ್ಕಾಲು ಮೀಟರ್. ಮನೆಯ ಗೇಟಿನಿಂದ ರಸ್ತೆಗೆ ಕಾಲಿಡುವ ಮಗುವನ್ನು ಕಂಡು, ತಲೆಗೆ ತಿಳಿದು, ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಆ 22 ಮೀಟರ್ ಮುಗಿದಿರುತ್ತದೆ. ಬ್ರೇಕು ಕೆಲಸ ಶುರುಮಾಡುವುದು ಅದರ ನಂತರ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು. 32,825 ಮಂದಿ ಸುಮ್ಮನೆ ನಡೆದುಕೊಂಡು ಹೋಗುತ್ತಿದ್ದವರು. ಸಾವುಗಳಲ್ಲಿ ಮೂರನೇ ಎರಡು ಪಾಲು ಆದದ್ದು ಗ್ರಾಮೀಣ ಪ್ರದೇಶದ ರಸ್ತೆಗಳಲ್ಲಿ. ಇವೆಲ್ಲ ಮೋಜಿನ ಸವಾರಿಯ ಲೆಕ್ಕವಲ್ಲ, ಖಂಡಿತ ಅಲ್ಲ. ಕೆಲಸಕ್ಕೆ ಹೋಗುವವರು, ಕುಡಿದು ಲಾರಿ ಬಿಟ್ಟವರು, ಗುಂಡಿಗೆ ಬಿದ್ದವರು ಎಲ್ಲರೂ ಇದರಲ್ಲಿ ಸೇರಿದ್ದಾರೆ. ಆದರೆ ನಗರ ಬಿಟ್ಟರೆ ಅಪಾಯ ಬಿಟ್ಟಿತು ಎಂಬ ನಂಬಿಕೆ ಎಷ್ಟು ಟೊಳ್ಳು ಎನ್ನುವುದಕ್ಕೆ ಇಷ್ಟು ಸಾಕು.

ಇನ್ನು, ಆ ರಸ್ತೆ ಅಲ್ಲಿ ಯಾಕಿದೆ? ನೀವು ಮೆಚ್ಚಿದ ಹಸಿರಿನ ನಡುವಿನ ಆ ನುಣುಪು ಟಾರಿನ ಆರಂಭದಲ್ಲಿ ಒಂದು ಬೋರ್ಡು ಇರುತ್ತದೆ, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದೋ 'ನಮ್ಮ ಗ್ರಾಮ ನಮ್ಮ ರಸ್ತೆ'ಯದೋ. ಬೋರ್ಡಿನ ಮುಂದೆ ನಿಂತು ಅದನ್ನು ಓದಿದ ಸವಾರರನ್ನು ನಾನು ಕಂಡಿಲ್ಲ. ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಆರಂಭವಾಯಿತು. ಬಯಲು ಪ್ರದೇಶದಲ್ಲಿ 500ಕ್ಕಿಂತ ಹೆಚ್ಚು ಜನರಿರುವ, ರಸ್ತೆಯೇ ಇಲ್ಲದ ಜನವಸತಿಗಳಿಗೆ ಎಲ್ಲ ಕಾಲದಲ್ಲೂ ಓಡಾಡಬಲ್ಲ ರಸ್ತೆ ಕೊಡುವುದು ಅದರ ಗುರಿ. ಎಲ್ಲ ಕಾಲದಲ್ಲೂ ಎಂಬ ಮಾತನ್ನು ಇನ್ನೊಮ್ಮೆ ಓದಿ. ಹೆರಿಗೆ ನೋವಿನ ಹೆಂಗಸನ್ನು ಕಂಬಳಿಯಲ್ಲೋ ಕುರ್ಚಿಯಲ್ಲೋ ಹೊತ್ತು ಗದ್ದೆಯಂಚಿನಲ್ಲಿ ನಡೆದ ಊರುಗಳು, ಮಳೆಗಾಲದ ನಾಲ್ಕು ತಿಂಗಳು ಮಕ್ಕಳನ್ನು ಶಾಲೆಗೆ ಕಳಿಸಲಾಗದ ಊರುಗಳು, ಅರ್ಜಿ ಹಾಕಿ, ಮತದಾನ ಬಹಿಷ್ಕಾರದ ಬೆದರಿಕೆ ಹಾಕಿ, ಎಷ್ಟೋ ವರ್ಷ ಕಾದು ಪಡೆದುಕೊಂಡ ಟಾರು ಅದು. ಅದರ ಸೌಂದರ್ಯ ನಿಮ್ಮ ಕಣ್ಣಿನದಿರಬಹುದು, ರಸ್ತೆ ಮಾತ್ರ ಅವರ ಹಟದ ಫಲ.

ನಮ್ಮ ಬೈಂದೂರು ಕಡೆಯ 'ಕಾಲುಸಂಕ'ಗಳ ಫೋಟೋ ನೀವು ನೋಡಿರುತ್ತೀರಿ. ತುಂಬಿದ ಹಳ್ಳದ ಮೇಲೆ ಎರಡು ಮೂರು ಅಡಿಕೆ ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಳ್ಳಿಯೋ ತಂತಿಯೋ. ಮಳೆಗಾಲದ ಸವಾರಿಗೆ ಬಂದವರು ಅದರ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, 'ಮಲೆನಾಡಿನ ಸೊಬಗು' ಎಂದು ಬರೆಯುತ್ತಾರೆ. 2022ರ ಆಗಸ್ಟಿನಲ್ಲಿ ಇದೇ ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಒಂದು ಪುಟ್ಟ ಹುಡುಗಿ ಇಂಥದೇ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಹೋದಳು. ಪತ್ರಿಕೆಗಳು ಬರೆದವು, ಮಂತ್ರಿಗಳು ಮಾತಾಡಿದರು, ಕೆಲವು ಕಡೆ ಕಾಂಕ್ರೀಟ್ ಸಂಕ ಬಂತು, ಹಲವು ಕಡೆ ಇನ್ನೂ ದಿಮ್ಮಿಯೇ ಇದೆ. ಅದನ್ನು ಸೊಬಗು ಎಂದು ಬರೆಯುವವನಿಗೆ ಯಾರ ಮೇಲೂ ದ್ವೇಷವಿಲ್ಲ. ಆ ದಿಮ್ಮಿ ಯಾಕೆ ಅಲ್ಲಿದೆ ಎಂದು ಕೇಳುವಷ್ಟು ಹೊತ್ತು ಅವನು ನಿಲ್ಲಲಿಲ್ಲ, ಅಷ್ಟೇ. ಹೀಗೆ ನಿಲ್ಲದಿರುವುದನ್ನು ನಾವು ಪ್ರವಾಸ ಸಾಹಿತ್ಯ ಎಂದು ಕರೆಯತೊಡಗಿದ್ದೇವೆ ಎಂಬುದು ನನ್ನ ಸಿಟ್ಟು.

ಸಾಹಿತ್ಯದ ಮಾತು ಬಂತು, ಅದನ್ನೇ ನೋಡೋಣ. ಕರ್ನಾಟಕದ ಕರಾವಳಿಯ ಉದ್ದಕ್ಕೂ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಹಿಂದೆ ಅದಕ್ಕೆ 17 ಎಂಬ ಸಂಖ್ಯೆ ಇತ್ತು, ಬೈಕಿನವರ ಅಚ್ಚುಮೆಚ್ಚು. ಮಣಿಪಾಲದ ವಿದ್ಯಾರ್ಥಿಗಳು ಭಾನುವಾರ ಬೆಳಿಗ್ಗೆ ಹೊರಟು ಮರವಂತೆ ನೋಡಿ, ಒತ್ತಿನೆಣೆಯಲ್ಲಿ ನಿಂತು, ಮುರುಡೇಶ್ವರ ಮುಟ್ಟಿ ಸಂಜೆಗೆ ಮರಳುತ್ತಾರೆ. ಈ ದಾರಿಯಲ್ಲಿ ಕೋಟ ಸಿಗುತ್ತದೆ. ಶಿವರಾಮ ಕಾರಂತರು ಹುಟ್ಟಿದ ಊರು. ಅದರ ಪಕ್ಕದ ಕೋಡಿಯ ಉಪ್ಪುನೀರು, ಮರಳು, ಮಳೆ, ದುಡಿದು ಸವೆದ ಹೆಂಗಸರು, ಇವುಗಳಿಂದಲೇ 'ಮರಳಿ ಮಣ್ಣಿಗೆ' ಮೂರು ತಲೆಮಾರಿನ ಕಥೆ ಕಟ್ಟಿತು. ಮುಂದೆ ಕುಂದಾಪುರ, ವೈದೇಹಿಯವರ ಊರು. ಬೈಂದೂರಿನ ಹತ್ತಿರ ಮೊಗೇರಿ, 1918ರಲ್ಲಿ ಗೋಪಾಲಕೃಷ್ಣ ಅಡಿಗರು ಹುಟ್ಟಿದ್ದು ಅಲ್ಲಿ. ಇನ್ನೂ ಮುಂದೆ ಹೋದರೆ ಕುಮಟಾ ತಾಲೂಕಿನ ಹನೇಹಳ್ಳಿ. ಮುಂಬಯಿಯಲ್ಲಿ ಬದುಕು ಕಳೆದ ಯಶವಂತ ಚಿತ್ತಾಲರು ಕಥೆಗಾಗಿ ಮತ್ತೆ ಮತ್ತೆ ಮರಳಿದ್ದು ಈ ಒಂದು ಊರಿಗೆ. ಅದರ ಮಗ್ಗುಲಲ್ಲಿ ಗೋಕರ್ಣ, ಜಯಂತ ಕಾಯ್ಕಿಣಿಯವರ ಊರು. ಆಚೆ ಅಂಕೋಲೆ, ದಿನಕರ ದೇಸಾಯಿಯವರದು.

ಒಂದೇ ರಸ್ತೆಯ ಮೇಲೆ ಆಧುನಿಕ ಕನ್ನಡ ಸಾಹಿತ್ಯದ ಇಷ್ಟು ದೊಡ್ಡ ಪಾಲು ಮಣಿ ಪೋಣಿಸಿದಂತೆ ಕೂತಿದೆ. ಇವರೆಲ್ಲ ಅದ್ಭುತ ದೃಶ್ಯಗಳನ್ನು ಕಂಡದ್ದರಿಂದ ಬರೆದವರಲ್ಲ. ಒಂದು ಗದ್ದೆಯ ಹೆಸರು, ಒಂದು ಮನೆಯ ಒಳಜಗಳ, ಒಂದು ಜಾತಿಯ ಕೇರಿಯಿಂದ ಇನ್ನೊಂದು ಕೇರಿಗೆ ಇರುವ ದೂರ, ಇಂಥವು ಗೊತ್ತಿದ್ದದ್ದರಿಂದ ಬರೆದರು. ಅದೇ ರಸ್ತೆಯಲ್ಲಿ ಇವತ್ತು ಓಡಾಡಿ ಬರೆಯುವ, ಇವರನ್ನೆಲ್ಲ ಓದಿಯೂ ಇರುವ ನಮ್ಮ ಹುಡುಗರ ಬರಹದಲ್ಲಿ ಊರುಗಳಿಗೆ ಹೆಸರಿರುವುದಿಲ್ಲ. 'ಒಂದು ಪುಟ್ಟ ಹಳ್ಳಿ', 'ಒಂದು ನದಿ', 'ಯಾವುದೋ ಹಳೇ ದೇವಸ್ಥಾನ'. ಕೋಟವನ್ನು ನಾಲ್ಕು ನಿಮಿಷದಲ್ಲಿ ದಾಟಿದ್ದು ದಾಖಲಾಗುತ್ತದೆ, ಅದರ ಸಮೀಪದ ಟೋಲ್‌ಗೇಟಿನಲ್ಲಿ ಬೈಕಿಗೆ ಹಣ ಇಲ್ಲದ್ದು ದಾಖಲಾಗುತ್ತದೆ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ನದಿ ಎಂದು ಎಲ್ಲರೂ ಬರೆಯುತ್ತಾರೆ. ಆ ನದಿ ಸೌಪರ್ಣಿಕಾ ಎಂದು ಅರ್ಧದಷ್ಟು ಜನ ಬರೆಯುತ್ತಾರೆ. ದಡದಲ್ಲಿ ಸಾಲಾಗಿ ಬಿದ್ದಿರುವ ಕರಿಬಂಡೆಗಳನ್ನು ಫೋಟೋಕ್ಕೆಂದು ಯಾರೂ ಹಾಕಿಲ್ಲ, ಅವು ಕಡಲ್ಕೊರೆತಕ್ಕೆ ಹಾಕಿದವು, ಪ್ರತಿ ಮಳೆಗಾಲದಲ್ಲಿ ಅಲ್ಲಿನ ಮೀನುಗಾರರ ಮನೆಗಳಿಗೆ ನಿದ್ದೆಯಿಲ್ಲ. ಇದನ್ನು ಬರೆದ ಸವಾರಿ ಲೇಖನ ನನ್ನ ಓದಿಗೆ ಸಿಕ್ಕಿಲ್ಲ.

ಬೈಕುಗಳ ಟ್ಯಾಂಕಿನ ಮೇಲೆ ತೇಜಸ್ವಿಯವರ ಚಿತ್ರದ ಸ್ಟಿಕ್ಕರ್ ಅಂಟಿಸಿಕೊಂಡವರನ್ನು ನೋಡಿದಾಗ ನನಗೆ ಸಂತೋಷವೂ ಆಗುತ್ತದೆ, ಕಸಿವಿಸಿಯೂ ಆಗುತ್ತದೆ. ತೇಜಸ್ವಿ ಸ್ಕೂಟರಿನಲ್ಲಿ ಮೂಡಿಗೆರೆಯ ಸುತ್ತ ತಿರುಗಿದವರು ನಿಜ. ಆದರೆ ಅವರ ತಿರುಗಾಟದ ಹೆಚ್ಚಿನ ಪಾಲು ನಿಂತಲ್ಲೇ ನಡೆದದ್ದು. ಒಂದು ಹಕ್ಕಿಯ ಫೋಟೋಗಾಗಿ ಗಂಟೆಗಟ್ಟಲೆ ಮರೆಯಲ್ಲಿ, ಒಂದು ಮೀನಿಗಾಗಿ ಇಡೀ ದಿನ ಹೊಳೆಯ ದಂಡೆಯಲ್ಲಿ. ವಾಹನ ಅವರನ್ನು ನಿಲ್ಲುವ ಜಾಗಕ್ಕೆ ಒಯ್ಯುತ್ತಿತ್ತು. ನಮಗೆ ನಿಲ್ಲುವುದೇ ಅಡಚಣೆ.

ನಿಲ್ಲದ ಕಣ್ಣಿಗೂ ಗುಡ್ಡ ಕಡಿಯುವ ಯಂತ್ರಕ್ಕೂ ಸಂಬಂಧವಿದೆ ಎಂದರೆ ಅತಿಯಾಯಿತು ಎನ್ನುತ್ತೀರಿ. ಸ್ವಲ್ಪ ತಾಳಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಲಾರಿಯವರು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದರು. ನದಿಯ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಕೇರಳದ ಒಬ್ಬ ಲಾರಿ ಚಾಲಕನ ಶವ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದೇ ಇದಕ್ಕೆ ಕಾರಣ ಎಂಬ ದೂರು ಆಗ ಎಲ್ಲೆಡೆ ಕೇಳಿತು. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದುಬಿತ್ತು.

ಹೆದ್ದಾರಿ ಅಗಲವಾದದ್ದು ಬೈಕಿನವರಿಗಾಗಿ ಅಲ್ಲ. ಸರಕು, ಬಂದರು, ಬೆಳೆಯುವ ವಾಹನ ಸಂಖ್ಯೆ, ಅದರ ಕಾರಣಗಳು ಬೇರೆ. ಆದರೆ ಊರುಗಳ ನಡುವಿನ ನೆಲವನ್ನು ಬೇಗ ಮುಗಿಸಬೇಕಾದ ದೂರವೆಂದು ನೋಡುವ ಒಂದು ದೃಷ್ಟಿ ಇದೆಯಲ್ಲ, ಅದು ಎಂಜಿನಿಯರನಿಗೂ ಸವಾರನಿಗೂ ಒಂದೇ. ಚತುಷ್ಪಥದಿಂದ ಮರವಂತೆಯ ಚೆಲುವು ಹಾಳಾಯಿತು ಎಂದು ಮರುಗುವ ಲೇಖನದಲ್ಲೇ, ಉಡುಪಿಯಿಂದ ಅಲ್ಲಿಗೆ ಮುಕ್ಕಾಲು ಗಂಟೆಯಲ್ಲಿ ತಲುಪಿದ ಹೆಮ್ಮೆಯೂ ಇರುತ್ತದೆ. ಶಿರೂರಿನ ಆ ಚಹಾದಂಗಡಿಯಲ್ಲಿ ನಮ್ಮ ಪ್ರತಿ ಸವಾರಿ ಲೇಖನದ 'ಪುಟ್ಟ ಗೂಡಂಗಡಿ'ಯೇ ಇತ್ತು. ಗುಡ್ಡ ಹೇಗೆ ಕಡಿದಿದ್ದಾರೆ, ನೀರು ಎಲ್ಲಿ ಒಸರುತ್ತಿದೆ, ಅಂಗಡಿಯವರಿಗೆ ಮಳೆಗಾಲದಲ್ಲಿ ಹೆದರಿಕೆಯಾಗುತ್ತದೆಯೇ ಎಂದು ಅಲ್ಲಿ ಚಹಾ ಕುಡಿದ ಸಾವಿರಾರು ಜನರಲ್ಲಿ ಎಷ್ಟು ಮಂದಿ ಕೇಳಿದ್ದರು? ಕೇಳಿದ್ದರೆ ಗುಡ್ಡ ನಿಲ್ಲುತ್ತಿರಲಿಲ್ಲ. ಆದರೆ ಕೇಳುವ, ಬರೆಯುವ ಜನ ಓಡಾಡುವ ರಸ್ತೆಯಲ್ಲಿ ಗುತ್ತಿಗೆದಾರನಿಗೂ ಅಧಿಕಾರಿಗೂ ಅಷ್ಟು ಧೈರ್ಯವಿರುವುದಿಲ್ಲ.

ಸದ್ದಿನ ಮಾತು ಹೇಳದೆ ಮುಂದೆ ಹೋಗಲಾಗದು. 'ನೀರವ' ರಸ್ತೆ ಹುಡುಕಿಕೊಂಡು ಬರುವವರು ಅದನ್ನು ತಮ್ಮ ಸೈಲೆನ್ಸರಿನಿಂದಲೇ ಮುಗಿಸಿ ಹೋಗುತ್ತಾರೆ. 175 ಸಿಸಿಗಿಂತ ದೊಡ್ಡ ಬೈಕು ಕಾರ್ಖಾನೆಯಿಂದ ಹೊರಬರುವಾಗ 80 ಡೆಸಿಬೆಲ್ ಮೀರಬಾರದು ಎಂದು ನಿಯಮವಿದೆ. ಆಮೇಲೆ ಸೈಲೆನ್ಸರ್ ಬದಲಿಸುವುದು ಮೋಟಾರು ವಾಹನ ಕಾಯ್ದೆಯಡಿ ಅಪರಾಧ, 2019ರ ತಿದ್ದುಪಡಿಯ ನಂತರ ದಂಡ ಹತ್ತು ಸಾವಿರ ರೂಪಾಯಿವರೆಗೂ ಹೋಗಬಹುದು. ಪೇಟೆಯಲ್ಲಿ ಪೊಲೀಸರಿಗೆ ಹೆದರಿ ಮೆಲ್ಲಗೆ ಹೋಗುವವರು ಪೊಲೀಸರೇ ಇಲ್ಲದ ಹಳ್ಳಿ ತಿರುವಿನಲ್ಲಿ ಕೈ ತಿರುಚುತ್ತಾರೆ. ಒಮ್ಮೆ ಹೀಗೆ ಹನ್ನೆರಡು ಬೈಕು ಒಂದರ ಹಿಂದೆ ಒಂದು ಸಿಡಿದುಕೊಂಡು ಹೋದಾಗ ಬುಟ್ಟಿ ಇಳಿಸಿ ನಿಂತಿದ್ದ ಮೀನಿನ ಅಜ್ಜಿಯೊಬ್ಬಳು ನನ್ನನ್ನು ಕೇಳಿದ್ದು, "ಇವ್ರಿಗ್ ಎಲ್ಲಿಗ್ ಹೋಪುಕೆ ತಡ ಆಯ್ತ್ ಮಗಾ?" ಅವಳದು ಕುಹಕವಲ್ಲ. ಅಷ್ಟು ಅವಸರದಲ್ಲಿ ಹೋಗುವವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ಅವಳ ಎಣಿಕೆ. ಸುಮ್ಮನೆ ಹೋಗುತ್ತಿದ್ದಾರೆ ಎಂದು ನಾನು ಹೇಳಲಿಲ್ಲ.

ಆಗುಂಬೆ ಘಾಟಿಯ ತಿರುವುಗಳಲ್ಲಿ ರಸ್ತೆ ಬದಿಗೆ ಬಂದು ಕೂರುವ ಸಿಂಗಳೀಕಗಳನ್ನು ನೋಡಿ. ಮರದ ತುದಿ ಬಿಟ್ಟು ನೆಲಕ್ಕೆ ಇಳಿಯಲು ಮನಸ್ಸು ಮಾಡದ, ಪಶ್ಚಿಮ ಘಟ್ಟದಲ್ಲಷ್ಟೇ ಉಳಿದಿರುವ ಈ ಪ್ರಾಣಿ ಈಗ ಚಿಪ್ಸ್ ಪೊಟ್ಟಣಕ್ಕೆ ಕೈ ಚಾಚುವುದನ್ನು ಕಲಿತಿದೆ. ಕೊಡಬೇಡಿ ಎಂಬ ಅರಣ್ಯ ಇಲಾಖೆಯ ಫಲಕದ ಕೆಳಗೇ ಬೈಕ್ ನಿಲ್ಲಿಸಿ ಕೊಡುತ್ತಾರೆ. ಅಷ್ಟು ಹೊತ್ತು ನಿಲ್ಲಲು ಸಮಯವಿರುತ್ತದೆ.

ಈಗ ನನ್ನ ಎದುರಾಳಿಗಳ ಮಾತು ಕೇಳಬೇಕು. ಅವರಲ್ಲಿ ನನ್ನ ಗೆಳೆಯರೂ ಇದ್ದಾರೆ.

ಮೊದಲನೆಯದು: ರಸ್ತೆ ಸಾರ್ವಜನಿಕ, ತೆರಿಗೆ ಕಟ್ಟಿದ್ದೇವೆ, ಹೇಗೆ ಬೇಕಾದರೂ ಹೋಗುತ್ತೇವೆ. ಸಾರ್ವಜನಿಕ ಎಂಬ ಪದದ ಅರ್ಥವೇ ಅಲ್ಲಿ ಇನ್ನೊಬ್ಬರಿದ್ದಾರೆ ಎಂಬುದು. ಬಂಡೀಪುರದ ರಸ್ತೆಗಳೂ ಸಾರ್ವಜನಿಕವೇ. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವಿಲ್ಲ, ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಮತವಿಲ್ಲದ, ತೆರಿಗೆ ಕಟ್ಟದ ಆನೆ ಜಿಂಕೆಗಳಿಗಾಗಿ ನಮ್ಮ ಹಕ್ಕನ್ನು ಒಂಬತ್ತು ಗಂಟೆ ಬಿಟ್ಟುಕೊಡಬಹುದಾದರೆ, ತೆರಿಗೆ ಕಟ್ಟುವ ಊರಿನವರಿಗಾಗಿ ವೇಗದ ಇಪ್ಪತ್ತು ಕಿಲೋಮೀಟರ್ ಬಿಟ್ಟುಕೊಟ್ಟರೆ ಏನು ಕಳೆಯುತ್ತದೆ?

ಎರಡನೆಯದು: ಸವಾರರಿಂದ ಊರಿಗೆ ಹಣ ಬರುತ್ತದೆ. ಬರುತ್ತದೆ, ಆದರೆ ಲೆಕ್ಕ ಹಾಕಿ. ಒಂದು ದಿನದ ಸವಾರಿ ಎಂದರೆ ರಾತ್ರಿ ತಂಗುವುದಿಲ್ಲ. ಪೆಟ್ರೋಲು ಪೇಟೆಯಲ್ಲಿ ತುಂಬಿಸಿದ್ದು, ಊಟ ಪಾರ್ಕಿಂಗ್ ಇರುವ ಹೆದ್ದಾರಿ ಹೋಟೆಲಿನಲ್ಲಿ. ಒಳಗಿನ ಊರಿಗೆ ಸಿಕ್ಕಿದ್ದು ನಾಲ್ಕು ಚಹಾ, ಎರಡು ಬನ್ಸು, ಒಂದಷ್ಟು ನೀರಿನ ಬಾಟಲಿ. ಬಾಟಲಿ ಅಲ್ಲೇ ಉಳಿಯುತ್ತದೆ.

ಮೂರನೆಯದು ಗಟ್ಟಿ ವಾದ: ರೆಸಾರ್ಟಿನ ಬಸ್ಸುಗಳು, ಮರಳಿನ ಲಾರಿಗಳು, ದೈತ್ಯ ಕಾರುಗಳು ಮಾಡುವ ಹಾನಿಯ ಮುಂದೆ ಬೈಕು ಏನು ಮಹಾ? ಒಪ್ಪುತ್ತೇನೆ. ಬೈಕು ಕಡಿಮೆ ಜಾಗ ಹಿಡಿಯುತ್ತದೆ, ಕಡಿಮೆ ಕುಡಿಯುತ್ತದೆ, ಗುಡ್ಡ ಕಡಿಯಿರಿ ಎಂದು ಕೇಳುವುದಿಲ್ಲ. ಕಾರಿನವನಿಗೆ ಗಾಜು ಇದೆ, ಬೈಕಿನವನಿಗೆ ಇಲ್ಲ. ಗದ್ದೆಗೆ ಗೊಬ್ಬರ ಹಾಕಿದ ವಾಸನೆ ಅವನಿಗೆ ಗೊತ್ತಾಗುತ್ತದೆ. ಅದಕ್ಕೇ ನಾನು ಅವನ ಜೊತೆ ಜಗಳಕ್ಕೆ ನಿಂತಿದ್ದು. ಮರಳಿನ ಲಾರಿಯವನು ತಾನು ರಸ್ತೆಯ ಪ್ರೇಮಿ ಎಂದು ಎಲ್ಲೂ ಹೇಳಿಕೊಂಡಿಲ್ಲ. ಅವನು ಪತ್ರಿಕೆಗೆ ಪ್ರಬಂಧವನ್ನೂ ಕಳಿಸುವುದಿಲ್ಲ. ನೀವು ಕಳಿಸುತ್ತೀರಿ, ಅದನ್ನು ಓದಿ ಮುಂದಿನ ಭಾನುವಾರ ಇನ್ನೂ ಐವತ್ತು ಜನ ಬರುತ್ತಾರೆ, ನೀವು ಕಲಿಸಿದ ಕಣ್ಣಿನಿಂದಲೇ ನೋಡುತ್ತಾರೆ.

ನಾಲ್ಕನೆಯದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಮಾತು. ಒಬ್ಬ ವಿದ್ಯಾರ್ಥಿನಿ ಕೇಳಿದಳು: ಇಷ್ಟು ಕಾಲ ಬಸ್ಸಿನ ಸಮಯ, ಅಪ್ಪನ ಅನುಮತಿ, ಹಾಸ್ಟೆಲಿನ ಗೇಟು ಇವುಗಳ ಲೆಕ್ಕದಲ್ಲಿ ಓಡಾಡಿದ ನಮಗೆ ಒಂದು ದಿನ ಯಾರನ್ನೂ ಕೇಳದೆ ಹೋಗಿಬರುವ ದಾರಿ ಸಿಕ್ಕಿದೆ, ಈಗ ಅದಕ್ಕೂ ನೀವು ನೀತಿಪಾಠ ಶುರುಮಾಡಿದಿರಾ? ಅವಳ ಸಿಟ್ಟು ನ್ಯಾಯವಾದದ್ದು. ಹುಡುಗಿಯೊಬ್ಬಳು ಒಂಟಿಯಾಗಿ ಇನ್ನೂರು ಕಿಲೋಮೀಟರ್ ಹೋಗಿಬಂದು ರಾತ್ರಿ ಮನೆಯಲ್ಲಿ ಊಟ ಮಾಡುವುದು ನಮ್ಮ ಸಮಾಜದಲ್ಲಿ ಸಣ್ಣ ಸಂಗತಿಯಲ್ಲ. ಹೋಗಬೇಕು, ಇನ್ನೂ ದೂರ ಹೋಗಬೇಕು. ಆದರೆ ಅದೇ ರಸ್ತೆಯಲ್ಲಿ ಸಂಜೆ ಎರಡೂ ಕಾಲು ಎಳೆಯುತ್ತಾ ಸ್ಕೂಟಿ ಕಲಿಯುವ ಆ ಹೆಂಗಸನ್ನು ನೆನಪಿಡಿ. ಅವಳಿಗೂ ಬೇಕಾದದ್ದು ಇದೇ ಸ್ವಾತಂತ್ರ್ಯ, ಅವಳ ದೂರ ಎರಡು ಕಿಲೋಮೀಟರ್ ಅಷ್ಟೇ, ಸೊಸೈಟಿಯವರೆಗೆ. ಸಿಡಿಯುವ ಸೈಲೆನ್ಸರುಗಳ ಗುಂಪು ಒಮ್ಮೆ ಅವಳ ಮೊಣಕೈ ಸವರಿಕೊಂಡು ಹೋದರೆ ಅವಳು ಮರುದಿನ ಗಾಡಿ ತೆಗೆಯುವುದಿಲ್ಲ. ಮನೆಯಲ್ಲಿ ಗಂಡ "ಹೇಳಿದ್ದೆನಲ್ಲ" ಎನ್ನುತ್ತಾನೆ, ಕಥೆ ಅಲ್ಲಿಗೆ ಮುಗಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಕಠಿಣವಾದದ್ದೇನೂ ಇಲ್ಲ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ನಲವತ್ತರೊಳಗೆ ಹೋಗಿ. ನಲವತ್ತರಲ್ಲಿ ಬೋರ್ಡು ಓದಬಹುದು, ಬಾಗಿಲಲ್ಲಿ ನಿಂತವರಿಗೆ ತಲೆಯಾಡಿಸಬಹುದು, ನಾಯಿಗೆ ಏಳಲು ಸಮಯ ಸಿಗುತ್ತದೆ. ಹನ್ನೆರಡು ಜನ ಹೋಗುವ ಕಡೆ ಮೂವರು ಹೋಗಿ. ಕಂಪನಿ ಕೊಟ್ಟ ಸೈಲೆನ್ಸರನ್ನು ಹಾಗೇ ಬಿಡಿ. ಬುತ್ತಿ ಕಟ್ಟಿಕೊಂಡು ಹೋಗಬೇಡಿ, ಒಳಗಿನ ಊರಿನ ಹೋಟೆಲಿನಲ್ಲೇ ಊಟ ಮಾಡಿ, ಮೀನು ತಿನ್ನುವವರಾದರೆ ಇವತ್ತು ಯಾವ ಮೀನು ಬಂದಿದೆ ಎಂದು ಕೇಳಿ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ ಎಂಬುದು ಆ ಒಂದು ಪ್ರಶ್ನೆಯಿಂದಲೇ ನಿಮಗೆ ತಿಳಿಯುತ್ತದೆ. ಇಡೀ ಕರಾವಳಿಯ ಬದಲು ಒಂದು ಹೊಳೆಯ ಬಾಯಿ ಆರಿಸಿಕೊಳ್ಳಿ. ಅಘನಾಶಿನಿಗೇ ಹೋಗಿ: ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನ ಆಗರಗಳು, ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ಚಿಪ್ಪು ಆಯುವವರು, ಎಲ್ಲವೂ ಕೆಲವೇ ಕಿಲೋಮೀಟರುಗಳ ಒಳಗಿವೆ. ಒಂದು ದಿನಕ್ಕೆ ಅಷ್ಟೇ ಹೆಚ್ಚು.

ಬರೆಯುವವರಿಗೆ ಇನ್ನೊಂದು ಮಾತು. ಮಳೆ ನಿಂತು ಅಕ್ಟೋಬರ್ ಬಂದರೆ ಸವಾರಿಯ ಕಾಲ, ಅದರ ಹಿಂದೆಯೇ ಲೇಖನಗಳ ಕಾಲ. ಈ ಸಲ ಬರೆಯುವಾಗ ಖಾಲಿ, ಪುಟ್ಟ, ಮುಗ್ಧ, ಸ್ವರ್ಗ, ಹಾವಿನಂತೆ ಎಂಬ ಐದು ಪದಗಳನ್ನು ಬಿಟ್ಟು ಬರೆದುನೋಡಿ. ದಾಟಿದ ಪ್ರತಿ ಹೊಳೆಯ ಹೆಸರು ಹಾಕಿ. ಚಹಾ ಕೊಟ್ಟವರ ಅಂಗಡಿಗೆ ಎಷ್ಟು ವರ್ಷವಾಯಿತು, ರಸ್ತೆ ಅಗಲಿಸುವಾಗ ಅದು ಎಷ್ಟು ಅಡಿ ಹಿಂದೆ ಸರಿಯಿತು ಎಂದು ಕೇಳಿ ಬರೆಯಿರಿ. ಗೊತ್ತಿಲ್ಲದಿದ್ದರೆ ಬೈಕು ತಿರುಗಿಸಿಕೊಂಡು ಹೋಗಿ ಕೇಳಿ, ಅದಕ್ಕೆ ತಾನೇ ಬೈಕು ಇರುವುದು. ನೂರೈವತ್ತು ಕಿಲೋಮೀಟರಿನ ಸವಾರಿ ಅರುವತ್ತಕ್ಕೆ ಇಳಿಯಬಹುದು, ಸೂರ್ಯಾಸ್ತ ತಪ್ಪಬಹುದು. ಅಂಥದೊಂದು ಲೇಖನ ಬಂದರೆ ಮೊದಲು ಓದುವವನು ನಾನೇ. ಆ ಅಂಗಡಿ ಹುಡುಕಿಕೊಂಡು ಹೋಗಿ ಚಹಾ ಕುಡಿದೂ ಬರುತ್ತೇನೆ, ನಲವತ್ತರಲ್ಲಿ.